ತಾಂಬಡಿ ಭಾಜಿಯ ಬಣ್ಣ

ಶಾಂತಕ್ಕ, ನಿಮ್ಮ ಸೊಪ್ಪಿನಲ್ಲಿ ವಿಷವಿರಲಿಲ್ಲ. ತಪ್ಪಿದ್ದು ನನ್ನ ಪರೀಕ್ಷೆ — ಅದು ನನಗೆ ಅಂದೇ ಸಂಜೆ ಗೊತ್ತಾಗಿತ್ತು. ಮೂರು ವರ್ಷ ಬಾಯಿ ಬಿಡಲಿಲ್ಲ.

ಗೋವಾದ ಕಾಣಕೋಣದ ಹೋಟೆಲುಗಳಿಗೆ ತರಕಾರಿ ಕಳಿಸುತ್ತಿದ್ದ ಆ ಸಂಗ್ರಹ ಕೇಂದ್ರದಲ್ಲಿ ಪರೀಕ್ಷೆಯ ಕೆಲಸ ನನ್ನದು. ಸೊಪ್ಪನ್ನು ಕತ್ತರಿಸಿ, ದ್ರಾವಣದಲ್ಲಿ ಕುಲುಕಿ, ಒಂದು ಹನಿಯನ್ನು ಬಿಳಿ ಕಾಗದದ ಪಟ್ಟಿಯ ಮೇಲೆ ಬಿಡಬೇಕು. ಗುಲಾಬಿ ಬಣ್ಣ ಬಂದರೆ, ಎಲೆಗೆ ರೋಗ ಬಾರದಿರಲೆಂದು ಹೊಡೆಯುವ ಶಿಲೀಂಧ್ರನಾಶಕ ಉಳಿದಿದೆ ಎಂದರ್ಥ. ಹತ್ತು ನಿಮಿಷದ ಕೆಲಸ. ನಿಮ್ಮ ತಾಂಬಡಿ ಭಾಜಿ — ನಮ್ಮೂರ ಕಡೆಯ ಕೆಂಪು ರಾಜಗಿರಿ — ಗುಲಾಬಿ ತೋರಿಸಿತು. ಎಲ್ಲರೆದುರು ನಿಮ್ಮ ಬುಟ್ಟಿಯನ್ನು ಬದಿಗಿಟ್ಟೆ.

ನೀವು ಜಗಳವಾಡಲಿಲ್ಲ. "ನಾ ಏನೂ ಹೊಡದಿಲ್ಲ ತಂಗಿ," ಎಂದಿರಿ. ಆಮೇಲೆ ಪಟ್ಟಿಯನ್ನೇ ನೋಡುತ್ತಾ, "ಕಾಗದ ಯಾಕ ಸುಳ್ಳ ಹೇಳತೈತಿ? ನಮ್ಮ ಮನಿಯವ್ರು ನನಗ ಹೇಳದನ ಹೊಡದಿರಬೇಕು..."

ನಿಮ್ಮ ಮುಖ ಕಣ್ಣಿಂದ ಹೋಗಲಿಲ್ಲ. ಸಂಜೆ ನನ್ನ ಹಿತ್ತಲಿನ ಕೆಂಪು ರಾಜಗಿರಿಯನ್ನು ಕಿತ್ತು ಪರೀಕ್ಷಿಸಿದೆ. ನೀರು, ಸಗಣಿಗೊಬ್ಬರ ಬಿಟ್ಟು ಬೇರೇನೂ ಕಾಣದ ಗಿಡ. ಅದೂ ಗುಲಾಬಿ! ಬಣ್ಣ ಬಿಟ್ಟದ್ದು ಸೊಪ್ಪೇ. ಕೆಂಪು ಸೊಪ್ಪಿಗೆ ಈ ಪಟ್ಟಿಯನ್ನು ನಂಬಬೇಡಿ, ಲ್ಯಾಬಿಗೆ ಕಳಿಸಿ ಎಂದು ತರಬೇತಿಯಲ್ಲಿ ಹೇಳಿದ್ದರು. ಮರೆತಿದ್ದೆ. ಮರೆವು ಯಾರಿಗಾದರೂ ಬರಬಹುದು — ಆದರೆ ನೆನಪಾದ ಮೇಲೂ ಸುಮ್ಮನಿದ್ದೆನಲ್ಲ...

ಎಲ್ಲರೂ ನನ್ನನ್ನು ಮೇಡಂ ಎನ್ನಲು ಶುರುಮಾಡಿದ್ದ ದಿನಗಳವು. ಅಷ್ಟಕ್ಕೇ, ಅಕ್ಕ. ಅಷ್ಟನ್ನು ಉಳಿಸಿಕೊಳ್ಳುವುದಕ್ಕೆ.

ನೀವು ಸೊಪ್ಪಿನ ಮಡಿಗಳನ್ನೆಲ್ಲ ನಿಮ್ಮ ಕೈಯಾರೆ ಕಿತ್ತು ಹಾಕಿದಿರಿ. ನಿಮ್ಮ ಮನೆಯವರು ಮಲ್ಲಪ್ಪಣ್ಣ ದೇವರ ಮೇಲೆ ಆಣೆ ಮಾಡಿದರೂ ನಂಬಲಿಲ್ಲ. ಅವರೊಡನೆ ಮಾತು ಬಿಟ್ಟಿರಿ. ಅವರು ವಾಸ್ಕೋದ ಬಂದರಿಗೆ ಕೂಲಿಗೆ ಹೋದರು. ಈಗ ಹಬ್ಬಕ್ಕೂ ಬರುವುದಿಲ್ಲವೆಂದು ಕೇಳಿದೆ. ಕೇಳಿಯೂ — ಅದೆಷ್ಟು ತಿಂಗಳು ಸುಮ್ಮನಿದ್ದೆ.

ಮೊನ್ನೆ ವಾಸ್ಕೋಗೆ ಹೋಗಿ ಅವರಿಗೆ ಎಲ್ಲ ಹೇಳಿದೆ. ಬೈಯುತ್ತಾರೆಂದುಕೊಂಡಿದ್ದೆ. ಬೈಯಲಿಲ್ಲ.

"ನನಗ ಹೇಳಿ ಏನ ಮಾಡ್ತಿ?" ಎಂದರು. "ನಾ ಹೊಡದಿಲ್ಲಂತ ನನಗ ಮೊದಲ ಗೊತ್ತಿತ್ತು. ಆಕಿಗಿ ಹೇಳವಾ."

ಭಾನುವಾರ ಬರುತ್ತೇನೆ, ಅಕ್ಕ. ಇಲ್ಲಿ ಬರೆದದ್ದನ್ನೇ ನಿಮ್ಮೆದುರು ನಿಂತು ಹೇಳುತ್ತೇನೆ. ಆಮೇಲೆ ನೀವು ಏನೆಂದರೂ — ಕೇಳಿಸಿಕೊಳ್ಳುತ್ತೇನೆ.