ಆನೆಯಿಲ್ಲದ ಕಾಡಿನಲ್ಲಿ ಅತ್ತಿಗೆ

ಕಾಡಿನಲ್ಲಿ ನಡೆಯುವುದು ಒಂದು ಸುಖ ಎಂಬ ಸಂಗತಿ ನನಗೆ ತಿಳಿದದ್ದು ಐವತ್ತು ದಾಟಿದ ಮೇಲೆ. ಇದರಲ್ಲಿ ನನ್ನ ದಡ್ಡತನ ಎಷ್ಟಿದೆಯೋ ನನ್ನ ಜಿಲ್ಲೆಯ ಪಾಲೂ ಅಷ್ಟೇ ಇದೆ. ಚಾಮರಾಜನಗರ, ಗುಂಡ್ಲುಪೇಟೆ ಕಡೆಯವರಾದ ನಮಗೆ ಕಾಡಿಗೇನೂ ಬರವಿಲ್ಲ. ಮೈಸೂರಿನ ದಿಕ್ಕೊಂದನ್ನು ಬಿಟ್ಟು ಇನ್ನಾವ ಕಡೆಗೆ ಬಸ್ಸು ಹತ್ತಿದರೂ ಸ್ವಲ್ಪ ಹೊತ್ತಿಗೆ ಕಾಡು ಎದುರಾಗುತ್ತದೆ. ಆದರೆ ಅದು ಕಿಟಕಿಯೊಳಗಿನ ಕಾಡು. ಚೆಕ್‌ಪೋಸ್ಟ್ ದಾಟಿದೊಡನೆ ವಾಹನದಿಂದ ಇಳಿಯಬೇಡಿ ಎಂಬ ಬೋರ್ಡು ಕಾಣುತ್ತದೆ. ನಾವು ವಿಧೇಯರಾಗಿ ಕೂತಲ್ಲೇ ಕೂತು, ಜಿಂಕೆ ಕಂಡರೆ ‘ಜಿಂಕೆ’ ಎನ್ನುತ್ತೇವೆ, ಏನೂ ಕಾಣದಿದ್ದರೆ ನಿದ್ದೆ ಹೋಗುತ್ತೇವೆ. ಕಾಡಂಚಿನ ಹೊಲದವರ ಕಥೆ ಇನ್ನೂ ಬೇರೆ. ಅವರು ಕಾಡಿಗೆ ಹೋಗಬೇಕಾಗಿಯೇ ಇಲ್ಲ, ಕಾಡೇ ಅವರ ಮನೆಗೆ ನಡೆದು ಬರುತ್ತದೆ. ಬಂದು, ಬಾಳೆ ತಿಂದು, ಬೇಲಿ ಮುರಿದು ಹೋಗುತ್ತದೆ.

ನನ್ನ ಅಣ್ಣ ನಾಗಮಲ್ಲಪ್ಪ ಈ ಎರಡೂ ಬಗೆಯ ಕಾಡನ್ನು ಬಲ್ಲವನು. ಅವನ ಮನೆ, ಹೊಲ ಇದ್ದದ್ದು ಗುಂಡ್ಲುಪೇಟೆಯಿಂದಾಚೆ ಕಾಡಿಗೆ ಒತ್ತಿಕೊಂಡ ನಮ್ಮೂರಿನಲ್ಲಿ. ಕೆಲಸ ಬಸ್ ಕಂಡಕ್ಟರನದು. ಊಟಿಗೂ ಕೇರಳಕ್ಕೂ ಹೋಗುವ ಬಸ್ಸುಗಳಲ್ಲಿ ಟಿಕೆಟ್ ಹರಿಯುತ್ತ, ಸೀಟಿ ಊದುತ್ತ, ನಡುವೆ ಇಳಿಯಲು ಹೊರಟವರನ್ನು ಗದರುತ್ತ ತನ್ನ ಸರ್ವೀಸನ್ನೆಲ್ಲ ಕಾಡಿನ ರಸ್ತೆಯಲ್ಲೇ ಕಳೆದ. ನಿವೃತ್ತನಾದ ಮೇಲೆ ಸಕ್ಕರೆ ಕಾಯಿಲೆಯ ನೆಪದಲ್ಲಿ ಬೆಳಗಿನ ವಾಕಿಂಗ್ ಹಿಡಿದ. ವಾಕಿಂಗ್‌ನ ಗೆಳೆಯರ ಮೊಬೈಲಿನಲ್ಲಿ ಕಡಲ ತೀರದ ಕಾಡಿನಲ್ಲಿ ಜನ ಸಾಲಾಗಿ ನಡೆದುಹೋಗುವ ವಿಡಿಯೋ ನೋಡಿದ. ಅಲ್ಲಿಂದ ಅವನ ತಲೆ ಕೆಟ್ಟಿತು.

“ಮೂವತ್ತು ವರ್ಷ ಕಾಡೊಳಗೇ ಡ್ಯೂಟಿ ಮಾಡಿವ್ನಿ ಕಣ್ಲಾ,” ಎಂದು ಒಮ್ಮೆ ಚಾಮರಾಜನಗರದ ನಮ್ಮ ಮನೆಗೆ ಬಂದಾಗ ಹೇಳಿದ. “ಒಂದಿನ ಕಾಲು ಮಡಗಿಲ್ಲ. ನಡುದು ನೋಡ್ಬೇಕು ಕಣ್ಲಾ, ನಡುದು!”

ನನಗೆ ನಡೆಯುವುದೆಂದರೆ ಆಗದು. ಕಾಲೇಜಿನಲ್ಲಿ ಕನ್ನಡ ಪಾಠ ಮಾಡುವ ನಾನು, ಸ್ಟಾಫ್ ರೂಮಿನಿಂದ ಕ್ಲಾಸಿಗೆ ಹೋಗುವುದನ್ನೇ ದಿನದ ವ್ಯಾಯಾಮವೆಂದು ಡಾಕ್ಟರಿಗೆ ವರದಿ ಒಪ್ಪಿಸುವವನು. ಹಾಗಾಗಿ ಅಣ್ಣನಿಗೆ ನಾನು ಕೊಟ್ಟದ್ದು ಒಂದು ಶಬ್ದ ಮಾತ್ರ. ಟ್ರೆಕ್ಕಿಂಗಿಗೆ ಕನ್ನಡದಲ್ಲಿ ‘ಚಾರಣ’ ಎನ್ನುತ್ತಾರೆ ಎಂದೆ. ಅಷ್ಟಕ್ಕೆ ನಿಲ್ಲಿಸಿದ್ದರೆ ನಾನು ಮೇಷ್ಟ್ರೇ ಅಲ್ಲ. ಚಾರಣ, ಸಂಚಾರ, ಆಚಾರ, ವಿಚಾರ, ಉಪಚಾರ ಎಲ್ಲದರ ಬೇರೂ ಒಂದೇ, ಎಲ್ಲದರ ಒಳಗೂ ಒಂದು ನಡಿಗೆಯಿದೆ ಎಂದು ವಿವರಿಸಿದೆ. ಅಣ್ಣ ಶ್ರದ್ಧೆಯಿಂದ ಕೇಳಿ, “ಅಪಚಾರ?” ಎಂದ. ಅದೂ ಅಷ್ಟೇ ಎಂದೆ. “ಹಂಗಾರೆ ನಿನ್ನ ಕರಿಯಲ್ಲ ಬುಡು. ನಿಮ್ಮತ್ತಿಗೇನ ಕರ್ಕೊಂಡೋಯ್ತೀನಿ,” ಎಂದ.

ನನ್ನ ಅತ್ತಿಗೆ ಮಹದೇವಮ್ಮ ಆ ಹೊತ್ತು ನಮ್ಮ ಅಡುಗೆಮನೆಯಲ್ಲಿ ಅವರೆಕಾಯಿ ಬಿಡಿಸುತ್ತಿದ್ದರು. ಅಲ್ಲಿಂದಲೇ ಕೇಳಿದರು:

“ಕಾಡು ನೋಡಕ್ಕೆ ಅಷ್ಟು ದೂರ ಯಾಕೆ? ಹಿತ್ಲು ಬೇಲಿ ದಾಟಿದ್ರೆ ಕಾಡೇ ಅಲ್ವಾ?”

“ಆ ಕಡ್ಲ ತಾವಿನ ಕಾಡಲ್ಲಿ ಆನೆ ಇಲ್ಲ ಕಣೆ.”

“ಆನೆ ಇಲ್ದೆ ಇದ್ಮೇಲೆ ಅದ್ಯಾತರ ಕಾಡು?”

ಆದರೂ ಅಣ್ಣ ಚಾರಣ ನಡೆಸುವವರಿಗೆ ಇಬ್ಬರ ಹೆಸರನ್ನೂ ಕೊಟ್ಟ, ಇಬ್ಬರಿಗೂ ಬೂಟು ತಂದ. ಅತ್ತಿಗೆ ಅವುಗಳ ಕಡೆ ತಿರುಗಿಯೂ ನೋಡಲಿಲ್ಲವಂತೆ. ಹೊರಡುವ ದಿನ ಇನ್ನೂ ಒಂದಷ್ಟು ದೂರವಿರುವಾಗ, ಒಂದು ಬೆಳಿಗ್ಗೆ ವಾಕಿಂಗ್ ಮುಗಿಸಿ ಗುಂಡ್ಲುಪೇಟೆ ಬಸ್ ನಿಲ್ದಾಣದಲ್ಲಿ ಹಳೆಯ ಸಹೋದ್ಯೋಗಿಗಳ ಜೊತೆ ಟೀ ಕುಡಿಯುತ್ತ ಕೂತಿದ್ದ ಅಣ್ಣ ಹಾಗೆಯೇ ಗೋಡೆಗೆ ಒರಗಿದ. ತೂಕಡಿಸುತ್ತಿದ್ದಾನೆ ಎಂದು ಅವರೆಲ್ಲ ಮಾತು ಮುಂದುವರಿಸಿದರು. ಬಸ್ಸು ಹೊರಡುವ ಹೊತ್ತಾಯಿತೆಂದು ಎದ್ದ ಒಬ್ಬರು ಭುಜ ತಟ್ಟಿದಾಗ ತಿಳಿಯಿತು.

ಅತ್ತಿಗೆ ಅಳಲಿಲ್ಲ. ಮಣ್ಣು ಮಾಡುವಾಗಲೂ ಇಲ್ಲ, ತಿಥಿಯ ದಿನವೂ ಇಲ್ಲ. ಬಂದವರಿಗೆ ಊಟ ಬಡಿಸಿದರು, ಪಾತ್ರೆ ತೊಳೆಸಿದರು, ಹೊಲಕ್ಕೆ ಹೋಗಿ ಬಂದರು. ಸಾವಿನ ಮನೆಯಲ್ಲಿ ಅಳದ ಹೆಂಗಸನ್ನು ನೋಡಿದರೆ ನಮ್ಮ ಜನಕ್ಕೆ ಒಂದು ಬಗೆಯ ಅಸಮಾಧಾನ. ತಾವು ಮಾಡಿಕೊಂಡು ಬಂದ ಸಮಾಧಾನದ ಮಾತನ್ನು ವಾಪಸು ಕೊಂಡೊಯ್ಯಬೇಕಲ್ಲ ಎಂಬ ಸಂಕಟವಿರಬೇಕು. ಸಂತೆಮರಹಳ್ಳಿಗೆ ಮದುವೆಯಾಗಿ ಹೋಗಿದ್ದ ಅಣ್ಣನ ಮಗಳು ಪವಿತ್ರ ನನಗೆ ಫೋನು ಮಾಡಿ, “ಚಿಕ್ಕಪ್ಪ, ಅವ್ವ ಒಂದು ತೊಟ್ಟು ಕಣ್ಣೀರಾಕಿಲ್ಲ. ಉಣ್ಣಕ್ಕೆ ಕೂತ್ರೆ ತಟ್ಟೆ ನೋಡ್ತ ಅಂಗೇ ಕೂತ್ಕತದೆ. ನಂಗೆ ಭಯ ಆಯ್ತದೆ,” ಎಂದಳು.

ನಾನು ಏನಾದರೂ ಮಾಡುತ್ತೇನೆ ಎಂದೆ. ಏನಾದರೂ ಮಾಡುತ್ತೇನೆ ಎನ್ನುವವರು ಸಾಮಾನ್ಯವಾಗಿ ಮಾಡುವುದನ್ನೇ ನಾನೂ ಮಾಡಿದೆ, ಸುಮ್ಮನಿದ್ದೆ. ಅಷ್ಟರಲ್ಲಿ ಅತ್ತಿಗೆಯದೇ ಫೋನು ಬಂತು. ಚಾರಣದವರು ಅಣ್ಣನ ಮೊಬೈಲಿಗೆ ಕರೆ ಮಾಡಿದ್ದರಂತೆ. ಇವರೇ ಎತ್ತಿದರಂತೆ. ನಾಗಮಲ್ಲಪ್ಪನವರ ಮನೆಯಿಂದ ಇಬ್ಬರು ಬರ್ತೀರಲ್ಲ ಎಂದು ಅವರು ಕೇಳಿದರಂತೆ.

“ಊ, ಬತ್ತೀವಿ ಅಂದ್ಬುಟ್ಟೆ ಕಣಪ್ಪ,” ಎಂದರು ಅತ್ತಿಗೆ. “ಯಾಕಂದ್ನೋ ಗೊತ್ತಿಲ್ಲ. ಇಲ್ಲ ಅನ್ನಕ್ಕೆ ಬಾಯಿ ಬರ್ನಿಲ್ಲ. ನೀನು ಬಾ ಗುರು, ನಿಮ್ಮಣ್ಣನ ಬದ್ಲು.”

ಊರಿನಲ್ಲಿ ಇದು ದೊಡ್ಡ ಸುದ್ದಿಯಾಯಿತು. “ಗಂಡ ಸತ್ತು ಇನ್ನೂ ಮಣ್ಣಾರಿಲ್ಲ, ಸಮುದ್ರ ನೋಡಕ್ಕೆ ಹೊಂಟವ್ಳೆ,” ಎಂದು ನಮ್ಮ ಸೋದರತ್ತೆಯೊಬ್ಬರು ಅತ್ತಿಗೆಯ ಎದುರಿಗೇ ಅಂದರು. ಅತ್ತಿಗೆ ಬೂಟಿನ ಡಬ್ಬ ತೆಗೆದು ಚೀಲಕ್ಕೆ ಹಾಕಿಕೊಂಡರು.

ಮೈಸೂರಿಗೆ ಹೋಗಿ, ಅಲ್ಲಿಂದ ಬಸ್ಸು ಹತ್ತಿ, ಕುಮಟೆಯ ಕಡೆ ನಾವು ಇಳಿದಾಗ ಬೆಳಗಾಗಿತ್ತು. ಗುಂಪಿನಲ್ಲಿ ಹೆಚ್ಚಿನವರು ಹೊಸ ಜೋಡಿಗಳು. ಬಣ್ಣಬಣ್ಣದ ಟೋಪಿ, ಮಡಚುವ ಕೋಲು, ಬೆನ್ನಿಗೆ ಚೀಲ, ಚೀಲದಿಂದ ಬಾಯಿಗೆ ನೀರಿನ ಕೊಳವೆ. ಅವರ ನಡುವೆ ಸೀರೆ ಎತ್ತಿ ಕಟ್ಟಿ, ಬೂಟು ಹಾಕಿ, ತಲೆಗೆ ಟವೆಲ್ ಸುತ್ತಿದ ಅತ್ತಿಗೆ. ಪಕ್ಕದಲ್ಲಿ ಇಸ್ತ್ರಿ ಮಾಡಿದ ಪ್ಯಾಂಟಿನ ನಾನು. ಗೈಡ್ ವಿನಾಯಕ ಅಲ್ಲಿನವನೇ, ಮೀನುಗಾರರ ಮನೆಯವನು. ನಮ್ಮನ್ನು ನೋಡಿ ಸ್ವಲ್ಪ ಅನುಮಾನಿಸಿ, “ಅಮ್ಮ, ನಡಿಯುಕ್ಕಾಗ್ತದಾ?” ಎಂದು ಕೇಳಿದ. ಅತ್ತಿಗೆ ನನ್ನ ಕಡೆ ತೋರಿಸಿ, “ಇವ್ನ ಕೇಳಪ್ಪ,” ಎಂದರು.

ಅತ್ತಿಗೆಯ ಸಂಶಯ ಬೇಗ ನಿಜವಾಯಿತು. ದಾರಿ ಮೊದಲು ಗೇರುತೋಪಿನೊಳಗೆ ಹಾದು, ಆಮೇಲೆ ಕೆಂಪು ಕಲ್ಲಿನ ಗುಡ್ಡ ಏರಿ, ದಟ್ಟ ಕಾಡಿಗೆ ನುಗ್ಗುತ್ತದೆ. ಮರಗಳ ಸಂದಿಯಲ್ಲಿ ಒಂದೊಂದು ತಿರುವಿಗೂ ಕೆಳಗೆ ಕಡಲು ಮಿಂಚಿ ಮರೆಯಾಗುತ್ತದೆ. ಜೋಡಿಗಳು ಪ್ರತಿ ಮಿಂಚಿಗೂ ನಿಂತು ಫೋಟೋ ತೆಗೆದುಕೊಳ್ಳುತ್ತಿದ್ದರು. ನಾನು ಪ್ರತಿ ಮಿಂಚಿಗೂ ನಿಂತದ್ದು ಉಸಿರಿಗಾಗಿ. ಅತ್ತಿಗೆ ಮಾತ್ರ ಎಲ್ಲಿಯೂ ನಿಲ್ಲಲಿಲ್ಲ, ಎತ್ತಲೂ ನೋಡಲಿಲ್ಲ. ಯಾರೋ ಹೇಳಿದ ಕೆಲಸ ಮುಗಿಸುವವರ ಹಾಗೆ ನೆಲ ನೋಡುತ್ತ ನಡೆದರು. ನನಗೆ ನಾವು ಬಂದದ್ದೇ ತಪ್ಪಾಯಿತು ಅನ್ನಿಸತೊಡಗಿತು. ದುಃಖವನ್ನು ಒಂದು ಒಳ್ಳೆಯ ಜಾಗಕ್ಕೆ ಕರೆದುಕೊಂಡು ಹೋದರೆ ಅದು ತಾನಾಗಿ ಇಳಿದುಹೋಗುತ್ತದೆ ಎಂದು ನಂಬುವವರಿದ್ದಾರೆ. ಅದು ಹಾಗೆ ಇಳಿಯುವ ಪ್ರಯಾಣಿಕನಲ್ಲ. ಒಳ್ಳೆಯ ಜಾಗ ಕಂಡರೆ ಕಾಲು ಚಾಚಿ ಕೂರುತ್ತದೆ.

ಕಾಡಿನ ನಡುವೆ ಒಂದು ತಂಪಾದ ಕಡೆ ವಿನಾಯಕ ಎಲ್ಲರನ್ನೂ ನಿಲ್ಲಿಸಿದ. ಇಲ್ಲಿ ಎಲ್ಲರೂ ಮಾತು ಬಿಟ್ಟು, ಕಣ್ಣು ಮುಚ್ಚಿ, ಕಾಡು ಏನು ಹೇಳುತ್ತದೋ ಕೇಳಬೇಕು ಎಂದ. ಇದು ಅವನ ಚಾರಣದ ಮುಖ್ಯ ಘಟ್ಟ. ಎಲ್ಲರೂ ಕಣ್ಣು ಮುಚ್ಚಿದರು. ನಾನೂ ಮುಚ್ಚಿದೆ. ಕೆಳಗಿನ ಕಡಲಿನ ಸದ್ದು, ಒಂದು ಹಕ್ಕಿಯ ಕೂಗು, ನನ್ನ ಎದೆಯ ಡಬಡಬ. ಅಷ್ಟರಲ್ಲಿ ಪೊದೆಯ ಆಚೆ ಒಣಗಿದ ಎಲೆ ಸರಸರ ಅಂತು. ಒಂದು ಕೊಂಬೆ ಲಟ್ಟನೆ ಮುರಿಯಿತು.

“ಓಹೋ... ಹೋಯ್!”

ನಾನು ಬೆಚ್ಚಿ ಕಣ್ಣು ಬಿಟ್ಟೆ. ಅತ್ತಿಗೆ ಎರಡೂ ಕೈ ಬಾಯಿಗೆ ಅಡ್ಡ ಹಿಡಿದು ನಿಂತಿದ್ದರು. ಅದು ನಮ್ಮ ಕಡೆ ಹೊಲಕ್ಕೆ ಇಳಿದ ಆನೆಯನ್ನು ಓಡಿಸುವ ಕೂಗು. ಅಣ್ಣ ಬಸ್ಸಿನಲ್ಲಿ ಇದ್ದಷ್ಟು ಕಾಲ ಹೊಲ ಕಾದವರು ಅತ್ತಿಗೆ. ಕೊಂಬೆ ಮುರಿದ ಸದ್ದಿಗೆ ಅವರ ಮೈ ತಾನಾಗಿ ಎದ್ದು ನಿಂತಿತ್ತು. ಪೊದೆಯಿಂದ ಒಂದು ಬಡಪಾಯಿ ಹಸು ಬಾಲ ಎತ್ತಿಕೊಂಡು ಓಡಿತು. ಗುಂಪಿನಲ್ಲಿ ಕೆಲವರು ಕಿಸಕ್ಕನೆ ನಕ್ಕರು. ಇದು ಆನೆ ಓಡಿಸುವ ಕೂಗು ಎಂದು ನಾನು ವಿನಾಯಕನಿಗೆ ಹೇಳಿದೆ. ಅವನು, “ಹೆದರ್ಬೇಡಿ ಅಮ್ಮ, ಇಲ್ಲಿ ಆನೆ ಇಲ್ಲ,” ಎಂದ.

ಆದರೆ ಅತ್ತಿಗೆ ನಿಲ್ಲಿಸಲಿಲ್ಲ. ಹಸು ಹೋದ ದಾರಿ ಖಾಲಿಯಾದ ಮೇಲೂ ಇನ್ನೊಮ್ಮೆ ಕೂಗಿದರು. ಮತ್ತೊಮ್ಮೆ ಕೂಗಿದರು. ಕೂಗು ಉದ್ದವಾಗುತ್ತ, ನಡುವೆ ಒಡೆಯುತ್ತ ಹೋಯಿತು. ಆಮೇಲೆ ಕೂಗಿನೊಳಗಿಂದ ಮಾತು ಬಂತು.

“ಬುಟ್ಬುಟ್ಟು ಹೊಂಟೋದ್ಯಲ್ಲಪ್ಪೋ... ಒಂದ್ಮಾತು ಹೇಳ್ದೆ ಹೊಂಟೋದ್ಯಲ್ಲೋ...”

ಅತ್ತಿಗೆ ಅಣ್ಣನನ್ನು ಏಕವಚನದಲ್ಲಿ ಕರೆದದ್ದನ್ನು ನಾನು ಕೇಳಿದ್ದು ಅದೇ ಮೊದಲು. ಅವರು ನೆಲಕ್ಕೆ ಕುಸಿದು, ಎಲೆಗಳ ಮೇಲೆ ಅಂಗೈ ಬಡಿಯುತ್ತ ಅತ್ತರು. ನಾನು, ಕರುಣರಸವನ್ನು ವರ್ಷವರ್ಷವೂ ಪಾಠ ಮಾಡುವವನು, ಕೈಯಲ್ಲಿ ನೀರಿನ ಬಾಟಲಿ ಹಿಡಿದು, ಮುಚ್ಚಳ ತೆಗೆಯುವುದೂ ಹೊಳೆಯದೆ ನಿಂತೆ. ವಿನಾಯಕ ಬಂದು ಅವರ ಪಕ್ಕ ಕೂತ. “ಕೂಗಿ ಅಮ್ಮ, ಕೂಗಿ. ಇಲ್ಲಿ ಯಾರೂ ಏನೂ ಹೇಳೂದಿಲ್ಲ,” ಎಂದ. ಗುಂಪಿನಲ್ಲಿದ್ದ ಹುಡುಗಿಯೊಬ್ಬಳು ತನ್ನ ಕೋಲನ್ನು ಮಡಚಿಟ್ಟು, ಅತ್ತಿಗೆಯ ಬೆನ್ನ ಮೇಲೆ ಕೈ ಇಟ್ಟಳು. ಕಾರಣ ಯಾರೂ ಕೇಳಲಿಲ್ಲ. ಬೇಕಾಗಿಯೂ ಇರಲಿಲ್ಲ.

ಬಹಳ ಹೊತ್ತಿನ ಮೇಲೆ ಗುಡ್ಡದ ಕೊನೆಯ ಬಂಡೆಗೆ ತಲುಪಿದೆವು. ಕೆಳಗೆ ಕಡಲು, ಅದರ ಬಾಯಿಯವರೆಗೂ ಇಳಿದ ಕಾಡು, ನಡುವೆ ಒಂದು ಎಳೆ ಬಿಳಿ ಮರಳು. ಹಳೆಯ ಕಾವ್ಯಗಳಲ್ಲಿ ಹದಿನೆಂಟು ವರ್ಣನೆಗಳಿರಬೇಕೆಂದು ಲಕ್ಷಣಕಾರರು ಹೇಳುತ್ತಾರೆ. ಅದರಲ್ಲಿ ಸಮುದ್ರವೂ ಇದೆ, ಬೆಟ್ಟವೂ ಇದೆ, ಅಗಲಿಕೆಯೂ ಇದೆ. ಇವೆಲ್ಲ ಬೇರೆಬೇರೆ ಎಂಬಂತೆ ನಾನು ಮಕ್ಕಳಿಗೆ ಒಂದೊಂದಾಗಿ ಬಾಯಿಪಾಠ ಮಾಡಿಸಿದ್ದೇನೆ. ಮೂರೂ ಒಂದೇ ಬಂಡೆಯ ಮೇಲೆ ಕೂತಿರುವುದನ್ನು ನೋಡಿದ್ದು ಅಂದು.

“ಹೆಂಗದೆ ಅತ್ತಿಗೆ?” ಎಂದೆ.

“ಚೆಂದಾಗದೆ,” ಎಂದರು. “ಅದ್ಕೇ ಸಿಟ್ಟು ಬತ್ತದೆ.”

ಅವರು ಬಗ್ಗಿ ಬೂಟು ಬಿಚ್ಚಿದರು. ಬೆರಳ ಕಡೆ ಬಟ್ಟೆ ತುರುಕಿದ್ದರು. ಹಿಮ್ಮಡಿಯ ಚರ್ಮ ಕಿತ್ತು ರಕ್ತ ಒಸರಿತ್ತು.

“ದೊಡ್ಡದು ತಂದ್ಬುಟ್ಟವ್ರೆ,” ಎಂದರು. “ಅವತ್ತು ಬೆಳಿಗ್ಗೇನೂ ಅಂದ್ರು, ಒಂದ್ಸಲ ಆಕಿ ನೋಡೇ, ಸರಿಯಾಗ್ನಿಲ್ಲ ಅಂದ್ರೆ ಬದಲಾಯಿಸ್ಕ ಬತ್ತೀನಿ ಅಂತ. ಬುಡಿ ಅತ್ಲಾಗೆ ಅಂದೆ. ಅದೇ ಕೊನೆ ಮಾತು ಕಣಪ್ಪ. ಆಕಿ ನೋಡಿದ್ರೆ ಪ್ಯಾಟೆಗೆ ಅಂಗ್ಡಿ ತಾವ ಓಗೋರು. ಬಸ್ಟಾಂಡ್ಗೋಯ್ತಿರ್ನಿಲ್ಲ.”

ಹಾಗೆಲ್ಲ ಆಗುವುದಿಲ್ಲ, ನಿಲ್ಲುವ ಎದೆ ಅಂಗಡಿಯಲ್ಲೂ ನಿಲ್ಲುತ್ತದೆ ಎಂದು ಹೇಳಬಹುದಿತ್ತು. ಅದು ಅವರಿಗೂ ಗೊತ್ತಿತ್ತು. ಗೊತ್ತಿದ್ದೂ ಈ ಲೆಕ್ಕವನ್ನು ಒಬ್ಬರೇ ಹೊತ್ತು, ತಟ್ಟೆಯ ಮುಂದೆ ಕೂತಿದ್ದರು. ನಾನು ನನ್ನ ಕರವಸ್ತ್ರ ಹರಿದು ಹಿಮ್ಮಡಿಗೆ ಕಟ್ಟಿದೆ. ಬಂಡೆಯಿಂದ ಕೆಳಗಿನ ಮರಳಿನವರೆಗೆ ಅವರು ಬರಿಗಾಲಲ್ಲಿ ಇಳಿದರು. ಅಲ್ಲಿ ವಿನಾಯಕ ಕೊಡಿಸಿದ ಅನ್ನ, ಸಾರನ್ನು ಎರಡು ಸಲ ಬಡಿಸಿಕೊಂಡು ಉಂಡರು. ನಾನು ಆ ತಟ್ಟೆಯ ಫೋಟೋ ತೆಗೆದು ಪವಿತ್ರಳಿಗೆ ಕಳಿಸಿದೆ. ಅಷ್ಟು ರಮಣೀಯ ತೀರದಲ್ಲಿ ನಾನು ತೆಗೆದದ್ದು ಅದೊಂದೇ ಫೋಟೋ, ಅದೂ ಖಾಲಿ ತಟ್ಟೆಯದು.

ಎಲ್ಲ ಸರಿಹೋಯಿತು ಎಂದು ಹೇಳಲಾರೆ. ವಾಪಸು ಬರುವಾಗ ಬಸ್ಸಿನಲ್ಲಿ ಅತ್ತಿಗೆ ಮತ್ತೆ ಅತ್ತರು, ಆಮೇಲೆ ಎಷ್ಟೋ ದಿನ ಅತ್ತರು. ಈಗಲೂ ಅಳುತ್ತಾರೆ. ಆದರೆ ಪವಿತ್ರ ಈಗ ಹೆದರಿ ಫೋನು ಮಾಡುವುದಿಲ್ಲ. ಅವ್ವ ಅತ್ತಿತು, ಆಮೇಲೆ ಮುದ್ದೆ ಉಂಡಿತು ಎಂದು ಎರಡನ್ನೂ ಒಂದೇ ಉಸಿರಿನಲ್ಲಿ ಹೇಳುತ್ತಾಳೆ.

ಚಾರಣ ಮುಗಿಸಿ ವಾಪಸಾದ ಆ ದಿನ, ಮೈಸೂರಿನಿಂದ ಚಾಮರಾಜನಗರಕ್ಕೆ ರೈಲಿನಲ್ಲಿ ಬಂದೆವು. ನಂಜನಗೂಡಿನಲ್ಲಿ ಎಲೆಯಡಿಕೆ ಮೆಲ್ಲುತ್ತ ಒಬ್ಬ ಹೆಂಗಸು ಹತ್ತಿ ನಮ್ಮ ಎದುರಿಗೆ ಕೂತಳು. ಅತ್ತಿಗೆಯ ಕಟ್ಟು ಹಾಕಿದ ಕಾಲನ್ನು ನೋಡಿ, “ಏನಮ್ಮ ಕಾಲ್ಗೆ?” ಎಂದಳು.

“ಯಜಮಾನ್ರು ಕಾಡಲ್ಲಿ ನಡಿಯನ ಅಂದಿದ್ರು. ಅದ್ಕೆ ಹೋಗಿದ್ದೊ.”

ಹೆಂಗಸು ನನ್ನನ್ನು ತಲೆಯಿಂದ ಕಾಲಿನವರೆಗೆ ನೋಡಿ, “ಈ ಆಸಾಮಿಗೆ ಈ ವಯಸ್ನಲ್ಲಿ ಯಾಕಿತ್ತು?” ಎಂದಳು. ನಾನು ಗಾಬರಿಯಿಂದ ತಿದ್ದುವಷ್ಟರಲ್ಲಿ ಅತ್ತಿಗೆಯ ತುಟಿಯ ಅಂಚು ಸ್ವಲ್ಪ ಅಲ್ಲಾಡಿತು.

“ಇವ್ರಲ್ಲ ಕಣಮ್ಮ, ಇವ ನನ್ನ ಮೈದ. ಅವ್ರು ಒಸಿ ಮುಂದಾಗೇ ಹೊಂಟೋದ್ರು.”

“ಗಂಡಸ್ರೇ ಅಷ್ಟು ಬುಡಿ,” ಎಂದಳು ಹೆಂಗಸು. “ಹೆಂಡ್ತಿ ಬರೋಗಂಟ ನಿಂತ್ಕಳ ಅನ್ನದೇ ಗೊತ್ತಾಗಲ್ಲ.”

“ಊ ಕಣಮ್ಮ,” ಎಂದು ಅತ್ತಿಗೆ ಕಿಟಕಿಯ ಕಡೆ ತಿರುಗಿದರು. “ಮೊದ್ಲಿಂದ್ಲೂ ಬಿರಬಿರನೆ ನಡಿಯೋರೇಯ.”