ಬಾಗಿಲಿಂದ ಬಾಗಿಲಿಗೆ

ಸಾತಲಿಂಗಪ್ಪ ತನ್ನ ತಂಗಿ ನೀಲಗಂಗಾಳಿಗೆ ಒಂಬತ್ತು ತಾಸು ಕೊಡಬೇಕಾದದ್ದು ಇನ್ನೂ ಬಾಕಿ ಇದೆ. ಅಕ್ಕಲಕೋಟೆಯ ಬಸ್‌ ಸ್ಟ್ಯಾಂಡಿನೆದುರು ವಿಮಾನದ ಟಿಕೀಟು ತೆಗೆದುಕೊಡುವ ಈ ಮನುಷ್ಯ ಒಮ್ಮೆಯೂ ವಿಮಾನ ಹತ್ತಿದವನಲ್ಲ. ಆದರೂ ಮುಂಬೈಯಿಂದ ಟೊರಾಂಟೊ ಎಷ್ಟು ದೂರವೆಂದು ಕೇಳಿದರೆ, ಬಾಯಿಯ ಎಲೆಯಡಿಕೆ ಉಗುಳದೆಯೇ ಹನ್ನೆರಡೂವರೆ ಸಾವಿರ ಕಿಲೋಮೀಟರ್ ಎನ್ನುತ್ತಾನೆ. ಎಷ್ಟು ತಾಸು ಎಂದು ಕೇಳಿದರೆ ಮಾತ್ರ ಕನ್ನಡಕ ಏರಿಸಿ, "ಮನಿ ಎಲ್ಲೈತ್ರಿ?" ಎಂದು ತಿರುಗಿ ಕೇಳುತ್ತಾನೆ. ಪಕ್ಕದ ಊರು ವಳಸಂಗ ಎಂದು ಹೇಳಿದರೆ ಅಲ್ಲಿಂದ ಸೋಲಾಪುರದ ಜೀಪು ತುಂಬುವುದಕ್ಕೆ ಅರ್ಧ ತಾಸು ಹಿಡಿಯುತ್ತಾನೆ, ಮುಂಬೈ ರೈಲಿನ ತಡವನ್ನು ಕೂಡಿಸುತ್ತಾನೆ, ಮನೆಯ ಮುದುಕಿ ಅಳುವುದಕ್ಕೂ ಇಪ್ಪತ್ತು ಮಿನಿಟು ಬರೆದುಕೊಳ್ಳುತ್ತಾನೆ. "ಕಾಕಾ, ನಾ ವಿಮಾನದ ಟೈಮ್ ಕೇಳೀನಿ, ನಮ್ಮ ಆಯೀದಲ್ಲ!" ಎಂದು ಚಾದರದ ವ್ಯಾಪಾರಿ ಶೈಲೇಶ ನಕ್ಕರೆ, "ಆಯಿ ಅತ್ತು ಮುಗಿಸೂತನಕ ನೀ ಮನಿ ಬಿಡಾಂಗಿಲ್ಲೋ ತಮ್ಮಾ" ಎನ್ನುತ್ತಾನೆ. ಸಾತಲಿಂಗಪ್ಪನ ಅವ್ವ ತೀರಿದಾಗ ನೀಲಗಂಗಾ ಮಸ್ಕತ್‌ನಲ್ಲಿ ದುಡಿಯುತ್ತಿದ್ದಳು. "ಮಸ್ಕತ್‌ದಿಂದ ಮುಂಬೈಗೆ ಮೂರೇ ತಾಸು, ಸಂಜಿ ಒಳಗ ಬರ್ತಾಳ" ಎಂದು ಇವನೇ ಎಲ್ಲರಿಗೂ ಹೇಳಿದ್ದ. ಮುಂಬೈಯಿಂದ ಮನೆಯವರೆಗಿನ ಒಂಬತ್ತು ತಾಸು ಎಣಿಸಲೇ ಇಲ್ಲ. ಅವನ ಮಾತು ನಂಬಿ ಕುಣಿ ತೋಡಿಸಿದರು. ತೋಡಿದ ಕುಣಿಯನ್ನು ರಾತ್ರಿ ಬರಿದಾಗಿ ಬಿಡಬಾರದೆಂದು ಹಿರಿಯರು ಹೊತ್ತು ಮುಳುಗುವ ಮುಂಚೆ ಮಣ್ಣು ಮಾಡಿದರು. ಮರುದಿನ ಬೆಳಿಗ್ಗೆ ಬಂದ ತಂಗಿ ಬೈಯಲಿಲ್ಲ, "ಅವ್ವನ ಮಾರಿ ಹೆಂಗಿತ್ತೋ ಅಣ್ಣಾ?" ಎಂದಷ್ಟೇ ಕೇಳಿದಳು. ನಿಮ್ಮ ಮನೆಯವರಲ್ಲೂ ಯಾರಾದರೂ ದೂರದಲ್ಲಿ ದುಡಿಯುತ್ತಿದ್ದರೆ, ಅವರ ಬಾಗಿಲಿಂದ ನಿಮ್ಮ ಬಾಗಿಲಿಗೆ ಎಷ್ಟು ತಾಸೆಂದು ಇವತ್ತೇ ಎಣಿಸಿ ಗೋಡೆಯ ಮೇಲೆ ಬರೆಯಿರಿ. ಅಷ್ಟು ತಾಸು ಕಳೆಯುವವರೆಗೆ ಯಾರ ಕೈಗೂ ಗುದ್ದಲಿ ಕೊಡಬೇಡಿ.