ಸೂಜಿ ಬೀಳದ ಹಣ್ಣು

ಹಣ್ಣಿನ ಶೆಡ್ಡಿನಲ್ಲಿ ನನ್ನ ದೊಡ್ಡಮ್ಮನನ್ನು ಎಲ್ಲರೂ ಸೂಜಿಯಕ್ಕ ಎನ್ನುತ್ತಾರೆ. ಹೊರದೇಶಕ್ಕೆ ಹೋಗುವ ಮಾವಿನಹಣ್ಣನ್ನು ಅಲ್ಲಿ ಬಿಸಿನೀರಿನ ತೊಟ್ಟಿಯಲ್ಲಿ ಮುಳುಗಿಸುತ್ತಾರೆ. ಹಣ್ಣುನೊಣ ಮೊಟ್ಟೆಯಿಟ್ಟಿದ್ದರೆ ಒಳಗಿನ ಹುಳು ಸಾಯಬೇಕು, ಹಣ್ಣು ಮಾತ್ರ ಬೇಯಬಾರದು. ಮುಳುಗಿಸುವ ಮೊದಲು ಎಲ್ಲಕ್ಕಿಂತ ದಪ್ಪ ಹಣ್ಣನ್ನು ಹುಡುಕಿ, ಬಿಸಿ ಅಳೆಯುವ ಸೂಜಿಯನ್ನು ನಡುವಿನ ವಾಟೆಯವರೆಗೆ ಚುಚ್ಚುವುದು ದೊಡ್ಡಮ್ಮನ ಕೆಲಸ. ದಪ್ಪ ಹಣ್ಣಿನ ಒಳಗು ಕೊನೆಗೆ ಕಾಯುತ್ತದೆ; ಅದು ಕಾದರೆ ಉಳಿದವೂ ಕಾದಂತೆ. ಅವಳು ಒಂದೊಂದನ್ನೂ ಅಂಗೈಯಲ್ಲಿ ತೂಗಿ ನೋಡುವಾಗ ಲಾರಿ ಡ್ರೈವರ್, "ಡಾಕ್ಟರೂ ಇಷ್ಟು ಯೋಚ್ನೆ ಮಾಡಿ ಚುಚ್ಚಲ್ಲ ಅಕ್ಕ" ಎಂದು ಕಾಲೆಳೆಯುತ್ತಿದ್ದ.

ದೊಡ್ಡಪ್ಪ ತೀರಿಕೊಂಡಾಗ ಅವಳು ಅಳಲಿಲ್ಲ. ಬಡಿಸಿದರೆ ಉಣ್ಣುತ್ತಿದ್ದಳು, ಕರೆದರೆ ಓಗೊಡುತ್ತಿದ್ದಳು. ಕೆಲಸಕ್ಕೆ ಮರಳಿದ ದಿನವೂ ಹಾಗೆಯೇ, ಕೈ ತನ್ನಷ್ಟಕ್ಕೆ ಸೂಜಿ ಚುಚ್ಚಿತು. ಸೂಜಿಗೆ ಜೋಡಿಸಿದ ಮೀಟರು ಬಿಸಿ ಸಾಕೆಂದಾಗ ಕ್ರೇಟುಗಳನ್ನು ನೀರಿನಿಂದ ಮೇಲೆತ್ತಿದರು.

ತಣಿಯಲು ಇಟ್ಟಿದ್ದ ಒಂದು ಕ್ರೇಟಿನ ಮೂಲೆಯಲ್ಲಿ ತೆಂಗಿನಕಾಯಿಯಷ್ಟು ದಪ್ಪದ ಹಣ್ಣು ಕಂಡಿತು. ಎತ್ತಿ ತಿರುಗಿಸಿದಳು. ಸೂಜಿಯ ತೂತಿರಲಿಲ್ಲ; ಚುಚ್ಚಿದ್ದು ಇದಕ್ಕಿಂತ ಸಣ್ಣದನ್ನು. ಬೆಳಿಗ್ಗೆ ಅದು ಅವಳ ಕೈ ದಾಟಿಯೇ ಹೋಗಿತ್ತು. ಭಾರ ಗೊತ್ತಾಗಿರಲಿಲ್ಲ.

ಮತ್ತೆ ಮುಳುಗಿಸಿದರೆ ಹಣ್ಣು ಬೆಂದು ಮುದ್ದೆಯಾಗುತ್ತದೆ. ಹೇಳಿದರೆ ಮಾಲೆಲ್ಲ ಜ್ಯೂಸ್ ಫ್ಯಾಕ್ಟರಿಗೆ, ಸೂಜಿ ಬೇರೆಯವರ ಕೈಗೆ. ತನ್ನದು ಎನ್ನಲು ಅವಳಿಗೆ ಉಳಿದಿದ್ದು ಆ ಸೂಜಿಯ ಕೆಲಸವೊಂದೇ. ಆದರೂ ಹೋಗಿ ಶೆಡ್ಡಿನ ಮೇಸ್ತ್ರಿಗೆ ಹೇಳಿದಳು. ಹೊರಗೆ ಡ್ರೈವರ್ ಆಗಲೇ ಟಾರ್ಪಾಲು ಬಿಚ್ಚುತ್ತಿದ್ದ.

ಮೇಸ್ತ್ರಿ ದನಿ ತಗ್ಗಿಸಿದರು. "ನೋಡಿದ್ದು ನೀವೊಬ್ರೇ ಅಲ್ವಾ ಅಕ್ಕ? ಬಾಯಿ ಮುಚ್ಕೊಂಡಿದ್ರೆ ಆಯ್ತು."

"ಹಾಗಾದ್ರೆ ನೀವೇ ಕೊಯ್ದು ನೋಡಿ."

ಕೊಯ್ದರು. ವಾಟೆಯ ಪಕ್ಕದಲ್ಲಿ ಅಕ್ಕಿಕಾಳಿನಂಥ ಹುಳು ಒಮ್ಮೆ ಮುದುರಿ, ಮತ್ತೆ ನೆಟ್ಟಗಾಯಿತು. ಮೇಸ್ತ್ರಿ ಚಾಕು ಕೆಳಗಿಟ್ಟರು. ಆಮೇಲೆ ಹೊರಗೆ ಹೋಗಿ, ಮಾಲು ಹತ್ತಿಸುವುದು ಬೇಡ ಎಂದು ಡ್ರೈವರ್‌ಗೆ ಹೇಳಿದರು.

ಮರುದಿನದಿಂದ ಸೂಜಿ ಇನ್ನೊಬ್ಬಳಿಗೆ ಹೋಯಿತು. ದೊಡ್ಡಮ್ಮನಿಗೆ ಕ್ರೇಟು ತೊಳೆಯುವ ಕೆಲಸ. ಸಂಜೆ ಒದ್ದೆ ಸೀರೆಯಲ್ಲೇ ಬಂದು ನಮ್ಮ ಅಡುಗೆಮನೆಯಲ್ಲಿ ಕೂತಳು. ಬೇಜಾರಾಯ್ತಾ ಎಂದು ಅಮ್ಮ ಕೇಳಿದಳು. ದೊಡ್ಡಮ್ಮ ಬೇಜಾರನ್ನು ನಿಜವಾಗಿಯೂ ಹುಡುಕುವವಳಂತೆ ತನ್ನ ಅಂಗೈ ನೋಡಿಕೊಂಡಳು.

"ಆಗ್ಬೇಕಿತ್ತು ಕಣೇ," ಎಂದಳು. "ಇನ್ನೂ ಆಗಿಲ್ಲ."

ಅಮ್ಮ ಅನ್ನ ಬಡಿಸಿದಳು. ದೊಡ್ಡಮ್ಮ ಉಂಡು, ತಟ್ಟೆ ತೊಳೆದಿಟ್ಟು ಮಲಗಿದಳು.